ದೃಶ್ಯಕಾವ್ಯದ ಶ್ರವ್ಯಮುಖ: ಬಿ.ವಿ. ಕಾರಂತರ ರಂಗಜೀವನ

1

ಭಾರತೀಯ ಕಾವ್ಯಮೀಮಾಂಸೆಯು ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಎರಡಾಗಿ ವಿಂಗಡಿಸಿ ನಾಟಕವನ್ನು ದೃಶ್ಯದ ಪಾಲಿಗೆ ಒಪ್ಪಿಸಿತು. ಆದರೆ ಈ ವಿಂಗಡಣೆಗೆ ಮೂಲದಲ್ಲಿರುವ ನಾಟ್ಯಶಾಸ್ತ್ರದ ಮಾತು ಇಷ್ಟು ಕಟ್ಟುನಿಟ್ಟಾದುದಲ್ಲ. ನಾಟ್ಯವು ನೋಡುವುದಕ್ಕೂ ಕೇಳುವುದಕ್ಕೂ ಒದಗಬೇಕೆಂಬುದು ಭರತನು ಹೇಳುವ ನಾಟ್ಯೋತ್ಪತ್ತಿಯ ಕಥೆಯಲ್ಲಿಯೇ ಬರುತ್ತದೆ. ಮುಂದೆ ವಾಚಿಕಾಭಿನಯಕ್ಕೂ, ಗ್ರಂಥದ ಕೊನೆಯ ಭಾಗದಲ್ಲಿ ಸ್ವರ, ತಾಳ, ವಾದ್ಯ, ಧ್ರುವಾಗಾನಗಳಿಗೂ ಆತನು ಹಲವು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ದೃಶ್ಯಕಾವ್ಯವೆಂಬ ಹೆಸರು ಉಳಿದು ಅದರ ಶ್ರವ್ಯಮುಖವು ಕ್ರಮೇಣ ಮರೆಗೆ ಸರಿದದ್ದು ಆನಂತರದ ಸಂಗತಿ.

ಕನ್ನಡದ ಮಟ್ಟಿಗೆ ಈ ಮರೆವು ಇನ್ನಷ್ಟು ವಿಚಿತ್ರವಾದುದು. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ನಾಟಕವೆಂದು ಪರಿಗಣಿತವಾಗಿರುವ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಹದಿನೇಳನೆಯ ಶತಮಾನದ್ದು. ಅದೂ ‘ರತ್ನಾವಳಿ’ಯ ರೂಪಾಂತರ. ಹಾಗೆಂದು ಅದಕ್ಕೆ ಹಿಂದಿನ ಕನ್ನಡ ಸಾಹಿತ್ಯ ಮೌನವಾಗಿ ಓದಿಕೊಳ್ಳುವ ಸಾಹಿತ್ಯವಾಗಿರಲಿಲ್ಲ. ಕುಮಾರವ್ಯಾಸನ ಕಾವ್ಯ ಗಮಕಿಯ ಕಂಠದಲ್ಲಿ ಬದುಕಿತು. ವಚನ, ಕೀರ್ತನೆ, ತತ್ತ್ವಪದಗಳು ಬಾಯಿಂದ ಬಾಯಿಗೆ ಸಾಗಿ ಬಂದವು. ಯಕ್ಷಗಾನ ಪ್ರಸಂಗಗಳು ಹಾಡಿ ಆಡುವುದಕ್ಕೆಂದೇ ರಚಿತವಾದವು. ಇಂಥ ಪರಂಪರೆಯುಳ್ಳ ಭಾಷೆಯಲ್ಲಿ ನಾಟಕವು ಮುದ್ರಿತ ಪುಸ್ತಕವಾಗಿ ತರಗತಿಗೆ ಬಂದಾಗ ನಾವು ಅದರ ವಸ್ತು, ಪಾತ್ರ, ಸಂಭಾಷಣೆ, ಆಶಯಗಳನ್ನು ಬಿಡಿಸಿ ನೋಡುವುದನ್ನು ರೂಢಿಸಿಕೊಂಡೆವು. ಅದು ಕಿವಿಗೆ ಹೇಗೆ ಬಿದ್ದೀತು ಎಂಬ ಪ್ರಶ್ನೆ ಸಾಹಿತ್ಯಾಭ್ಯಾಸದ ಹೊರಗೇ ಉಳಿಯಿತು.

ಬಿ.ವಿ. ಕಾರಂತರ ರಂಗಜೀವನವನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ. ಅವರು ನಾಟಕಕಾರರಲ್ಲ, ಸಿದ್ಧಾಂತಗ್ರಂಥಗಳನ್ನು ಬರೆದವರೂ ಅಲ್ಲ. ಆದ್ದರಿಂದ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಅವರ ಹೆಸರು ‘ಈ ನಾಟಕವನ್ನು ಕಾರಂತರು ರಂಗಕ್ಕೆ ತಂದರು’ ಎಂಬ ಒಂದು ವಾಕ್ಯಕ್ಕೆ ಸೀಮಿತವಾಗುವುದುಂಟು. ವಾಸ್ತವವಾಗಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕನ್ನಡ ನಾಟಕವನ್ನು ಅವರಷ್ಟು ಎಚ್ಚರದಿಂದ ‘ಓದಿದ’ ವಿಮರ್ಶಕರು ವಿರಳ. ಅವರ ಓದು ಲೇಖನವಾಗದೆ ನಾದವಾಯಿತು ಎಂಬುದೇ ವ್ಯತ್ಯಾಸ.

2

ಬಾಬುಕೋಡಿ ವೆಂಕಟರಮಣ ಕಾರಂತರು 1929ರ ಸೆಪ್ಟೆಂಬರ್ 19ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದರು. ಮೂರನೆಯ ತರಗತಿಯಲ್ಲಿದ್ದಾಗ ಪಿ.ಕೆ. ನಾರಾಯಣ ಅವರು ಆಡಿಸಿದ ‘ನನ್ನ ಗೋಪಾಲ’ ಎಂಬ ನಾಟಕದಲ್ಲಿ ಪಾತ್ರ ವಹಿಸಿದ್ದು ಅವರ ಮೊದಲ ರಂಗಾನುಭವ. ಆದರೆ ಶಾಲೆಯ ನಾಟಕಕ್ಕಿಂತ ವಿಸ್ತಾರವಾದ ರಂಗಶಾಲೆಯೊಂದು ಕರಾವಳಿಯ ಆ ಪರಿಸರದಲ್ಲಿ ಮೊದಲೇ ಇತ್ತು. ಅದು ಯಕ್ಷಗಾನ.

ಯಕ್ಷಗಾನದಲ್ಲಿ ಪಠ್ಯ ಮತ್ತು ಪ್ರಯೋಗಗಳಿಗಿರುವ ಸಂಬಂಧ ಗಮನಾರ್ಹವಾದುದು. ಪ್ರಸಂಗದಲ್ಲಿ ಬರೆಹಕ್ಕೆ ಇಳಿದಿರುವುದು ಮುಖ್ಯವಾಗಿ ಪದ್ಯಭಾಗ. ಅದನ್ನು ಭಾಗವತ ಹಾಡುತ್ತಾನೆ. ಚೆಂಡೆ ಮದ್ದಳೆಗಳು ಅದಕ್ಕೆ ಜೊತೆಗೂಡುತ್ತವೆ. ಪದ್ಯ ಮುಗಿದ ಮೇಲೆ ವೇಷಧಾರಿಯು ತನ್ನ ಪ್ರತಿಭೆಗೆ ತಕ್ಕಂತೆ ಅರ್ಥ ಹೇಳುತ್ತಾನೆ. ಈ ಗದ್ಯವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಆಧುನಿಕ ನಾಟಕದಲ್ಲಿ ಈ ಕ್ರಮ ತಿರುವುಮುರುವಾಗಿದೆ: ಗದ್ಯ ಪೂರ್ತಿ ಬರೆಹದಲ್ಲಿರುತ್ತದೆ, ನಾದದ ಭಾಗ ಬರೆಹದಲ್ಲಿ ಇರುವುದಿಲ್ಲ. ಯಕ್ಷಗಾನದ ನಟನು ಹಾಡಿನ ಒಳಗಿನಿಂದ ಮಾತನ್ನು ಹೊರತೆಗೆಯುತ್ತಾನೆ. ಮಾತಿನ ಒಳಗೆ ಅಡಗಿರುವ ಹಾಡನ್ನು ಹೊರತೆಗೆಯುವುದು ಕಾರಂತರು ಮುಂದೆ ನಿರ್ದೇಶಕರಾಗಿ ಕೈಗೊಂಡ ಕೆಲಸವಾಯಿತು.

ಎಳೆಯ ವಯಸ್ಸಿನಲ್ಲಿಯೇ ಅವರು ಮನೆ ಬಿಟ್ಟು ಹೊರಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಈ ಕಂಪನಿ ಅಷ್ಟು ಹೊತ್ತಿಗೆ ಕನ್ನಡ ನಾಡಿನ ಬಹುದೊಡ್ಡ ರಂಗಸಂಸ್ಥೆಯಾಗಿ ಬೆಳೆದಿತ್ತು. ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನು ತಂದ ಕಂಪನಿ ಅದು. ಮುಂದೆ ಚಲನಚಿತ್ರರಂಗದಲ್ಲಿ ಮೇರುನಟರೆನಿಸಿದ ರಾಜಕುಮಾರ್ ಅವರೂ ಅಲ್ಲಿ ಕಾರಂತರ ಸಹೋದ್ಯೋಗಿಗಳಾಗಿದ್ದರು. ಕಂಪನಿಯ ನಟನಿಗೆ ಅಭಿನಯವೆಂಬುದು ಬಿಡಿಯಾದ ವಿದ್ಯೆಯಲ್ಲ. ಹಾಡು, ಮಾತು, ಬಣ್ಣ, ಪರದೆ ಎಲ್ಲವೂ ಕಲಿಕೆಯ ಭಾಗವೇ. ಕೊನೆಯ ಸಾಲಿನ ಚಾಪೆಯಲ್ಲಿ ಕುಳಿತ ಪ್ರೇಕ್ಷಕನಿಗೂ ಮಾತು ತಲುಪಬೇಕೆಂಬ ಹೊಣೆ ಅವನ ಕಂಠದ ಮೇಲಿರುತ್ತಿತ್ತು.

ಆದರೆ ಕಂಪನಿ ನಾಟಕದಲ್ಲಿ ಹಾಡಿಗೆ ಮತ್ತೊಂದು ಗುಣವೂ ಇತ್ತು. ಅದು ಕಥೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತಾನು ಮೆರೆಯುತ್ತಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದಾಗ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿದ ಕಥೆಗಳು ಕಂಪನಿ ನಾಟಕಗಳ ಬಗ್ಗೆ ಪ್ರಚಲಿತವಾಗಿವೆ. ರಂಗಗೀತೆಯ ಸಾಮರ್ಥ್ಯ, ರಂಗಗೀತೆಯ ದೌರ್ಬಲ್ಯ ಎರಡನ್ನೂ ಕಾರಂತರು ಅಲ್ಲಿಯೇ ಕಂಡರು. ಅವರು ಮುಂದೆ ರೂಪಿಸಿದ ರಂಗಸಂಗೀತವನ್ನು ಕಂಪನಿಯ ಮುಂದುವರಿಕೆಯೆಂದೂ ಕಂಪನಿಯ ವಿಮರ್ಶೆಯೆಂದೂ ಕರೆಯಬಹುದು.

3

ಹುಡುಗನಲ್ಲಿದ್ದ ಶಕ್ತಿಯನ್ನು ಗುರುತಿಸಿದ ವೀರಣ್ಣನವರು ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಬನಾರಸಿಗೆ ಕಳುಹಿಸಿದರು. ಕಾರಂತರು ಅಲ್ಲಿ ಎಂ.ಎ. ಪದವಿಗಾಗಿ ಓದಿದರು, ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಪದದ ಭಾವವನ್ನು ಸ್ವರದ ಏರಿಳಿತದಿಂದ ಅರಳಿಸುವ ಗಾಯನಕ್ಕೆ ಠಾಕೂರರು ಹೆಸರಾಗಿದ್ದರು. ಒಂದೇ ಮಾತು ದನಿಯ ಬಾಗಿನಿಂದ ಬೇರೆ ಬೇರೆ ಅರ್ಥ ಕೊಡುವುದನ್ನು ನಮ್ಮ ಲಾಕ್ಷಣಿಕರು ಕಾಕು ಎಂದು ಕರೆದಿದ್ದಾರೆ. ರಾಗವನ್ನು ರಾಗವಾಗಿಯೇ ಪ್ರದರ್ಶಿಸದೆ ಮಾತಿನ ಕಾಕುವಾಗಿ ದುಡಿಸಿಕೊಳ್ಳುವ ಕಾರಂತರ ಪದ್ಧತಿಗೆ ಬನಾರಸಿನ ಈ ಶಿಕ್ಷಣ ಆಧಾರವಾಯಿತೆಂದು ಊಹಿಸುವುದು ತಪ್ಪಾಗಲಾರದು.

ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಕಾರಂತರು ಅಲ್ಲಿಂದ ಪದವಿ ಪಡೆದು ಹೊರಬಂದರು. ಅದೇ ವರ್ಷ ಶಾಲೆಯ ನಿರ್ದೇಶಕರಾದ ಇಬ್ರಾಹಿಂ ಅಲ್ಕಾಜಿಯವರು 1977ರವರೆಗೆ ಆ ಸ್ಥಾನದಲ್ಲಿದ್ದು, ರಂಗಸಜ್ಜಿಕೆ, ಬೆಳಕು, ನಟನ ಶಿಸ್ತು ಇವುಗಳಲ್ಲಿ ಭಾರತೀಯ ರಂಗಭೂಮಿಗೆ ಹೊಸ ಮಾನದಂಡಗಳನ್ನು ಹಾಕಿಕೊಟ್ಟರು. ಕಾರಂತರ ಕಿವಿಯನ್ನು ಯಕ್ಷಗಾನ, ಕಂಪನಿ, ಬನಾರಸುಗಳು ತಿದ್ದಿದ್ದರೆ ಕಣ್ಣನ್ನು ತಿದ್ದಿದ್ದು ದೆಹಲಿ. ಪದವಿಯ ನಂತರ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲಕಾಲ ಮಕ್ಕಳಿಗೆ ನಾಟಕ ಕಲಿಸಿದರು.

ಈ ಅವಧಿಯ ಇನ್ನೊಂದು ಕೆಲಸವನ್ನು ಕನ್ನಡದ ವಿದ್ಯಾರ್ಥಿಗಳು ಮರೆಯಬಾರದು. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ನಾಟಕವನ್ನು ಹಿಂದೂಸ್ತಾನಿಗೆ ಅನುವಾದಿಸಿದವರು ಕಾರಂತರು. ಆ ಅನುವಾದದ ಮೂಲಕವೇ ನಾಟಕವು ರಾಷ್ಟ್ರೀಯ ನಾಟಕ ಶಾಲೆಯ ರಂಗವನ್ನೇರಿತು; ಅಲ್ಕಾಜಿಯವರು ಅದನ್ನು ದೆಹಲಿಯ ಹಳೆಯ ಕೋಟೆಯ ಆವರಣದಲ್ಲಿ ಆಡಿಸಿದ ಮೇಲೆ ಭಾರತೀಯ ನಾಟಕದ ಮುಂಚೂಣಿಯ ಕೃತಿಯಾಗಿ ಮಾನ್ಯತೆ ಪಡೆಯಿತು. ‘ಹಯವದನ’ವನ್ನು ಹಿಂದಿಗೆ ತಂದವರೂ ಕಾರಂತರೇ. ನವ್ಯ ಕನ್ನಡ ನಾಟಕವು ಅಖಿಲ ಭಾರತ ಮಟ್ಟದ ಚರ್ಚೆಗೆ ಒಳಗಾದುದರ ಹಿಂದೆ ಒಬ್ಬ ಅನುವಾದಕನ ಶ್ರಮವಿದೆ. ಮಾತನ್ನು ಇನ್ನೊಂದು ಭಾಷೆಯ ನಟನ ನಾಲಗೆಗೆ ಹೊಂದಿಸುವ ಕೆಲಸವೂ ಒಂದು ಬಗೆಯ ರಂಗನಿರ್ದೇಶನವೇ ಆಗಿದೆ.

4

1970ರ ದಶಕದ ಆರಂಭದಲ್ಲಿ ಕಾರಂತರು ಬೆಂಗಳೂರಿನಲ್ಲಿ ಕೈಗೊಂಡ ಪ್ರಯೋಗಗಳು ಕನ್ನಡ ರಂಗಭೂಮಿಯ ದಿಕ್ಕನ್ನು ಬದಲಿಸಿದವು. ಆ ಹೊತ್ತಿಗೆ ಕಂಪನಿ ನಾಟಕಗಳು ಸೊರಗಿದ್ದವು. ಕೈಲಾಸಂ, ಶ್ರೀರಂಗರಿಂದ ಬೆಳೆದ ಹವ್ಯಾಸಿ ರಂಗಭೂಮಿಯು ವಿಚಾರವನ್ನೂ ವಿಡಂಬನೆಯನ್ನೂ ತಂದಿತ್ತಾದರೂ ಬಹುಮಟ್ಟಿಗೆ ಮೂರು ಗೋಡೆಗಳ ನಡುವಿನ ಮಾತಿನ ರಂಗಭೂಮಿಯಾಗಿತ್ತು. ಕಂಪನಿ ನಾಟಕದ ಅತಿಯಿಂದ ಬಿಡಿಸಿಕೊಳ್ಳುವ ಉತ್ಸಾಹದಲ್ಲಿ ಹಾಡನ್ನೇ ಸಂದೇಹದಿಂದ ನೋಡುವ ಮನೋಭಾವವೂ ಬೆಳೆದಿತ್ತು.

ಇಂಥ ಸಂದರ್ಭದಲ್ಲಿ ಪಿ. ಲಂಕೇಶರು ಕನ್ನಡಕ್ಕೆ ತಂದ ಸೊಫೋಕ್ಲಿಸನ ‘ಈಡಿಪಸ್’, ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಈ ಮೂರನ್ನೂ ಕಾರಂತರು ಬಯಲು ರಂಗದಲ್ಲಿ ಪ್ರಯೋಗಿಸಿದರು. ಮೂರು ನಾಟಕಗಳೂ ಮೂರು ಬೇರೆ ಬೇರೆ ಬೇಡಿಕೆಗಳನ್ನು ನಿರ್ದೇಶಕನ ಮುಂದಿಡುವಂಥವು. ಮೊದಲನೆಯದು ಮೇಳಗೀತದ ನೆರವಿಲ್ಲದೆ ನಿಲ್ಲಲಾರದ ಗ್ರೀಕ್ ದುರಂತ. ಎರಡನೆಯದು ಹನ್ನೆರಡನೆಯ ಶತಮಾನದ ಶರಣಚಳವಳಿಯನ್ನು ವರ್ತಮಾನದ ದೃಷ್ಟಿಯಿಂದ ನೋಡುವ ಗದ್ಯನಾಟಕ. ಮೂರನೆಯದು ಉತ್ತರ ಕರ್ನಾಟಕದ ಬಯಲಾಟದ ಬೇರಿನಿಂದ ಚಿಗುರಿದ ಕೃತಿ. ಮೂರಕ್ಕೂ ಒಂದೇ ಬಗೆಯ ಸಂಗೀತ ಸಲ್ಲುವುದಿಲ್ಲ ಎಂಬುದನ್ನು ಅರಿತದ್ದರಲ್ಲಿಯೇ ಕಾರಂತರ ವಿಮರ್ಶನಶಕ್ತಿ ವ್ಯಕ್ತವಾಗುತ್ತದೆ.

‘ಜೋಕುಮಾರಸ್ವಾಮಿ’ಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಕ್ಕಳಿಲ್ಲದ ಗೌಡತಿ, ಭೂಮಿಯ ಮೇಲೆ ಹಕ್ಕು ಸಾಧಿಸುವ ಗೌಡ, ಉಳುವವನೇ ನೆಲದ ಒಡೆಯನೆನ್ನುವ ಬಸಣ್ಯ ಇವರ ನಡುವಿನ ಸಂಘರ್ಷವನ್ನು ಓದುಗನು ಭೂಒಡೆತನದ ಸಾಮಾಜಿಕ ಸಮಸ್ಯೆಯಾಗಿ ಸುಲಭವಾಗಿ ಗುರುತಿಸಬಲ್ಲ. ಆದರೆ ನಾಟಕದ ತಳದಲ್ಲಿರುವುದು ಫಲವಂತಿಕೆಯ ದೈವವಾದ ಜೋಕುಮಾರನ ಆಚರಣೆ. ಹೊಲವೂ ಹೆಣ್ಣೂ ಫಲಿಸಬೇಕೆಂಬ ಹಂಬಲ ಅಲ್ಲಿ ಒಂದೇ. ಈ ಒಂದುತನವು ವಾದದಿಂದ ಸಿದ್ಧವಾಗುವಂಥದ್ದಲ್ಲ. ಮೇಳ ಹಾಡಿದಾಗ, ಹಿಮ್ಮೇಳ ಅದನ್ನೆತ್ತಿಕೊಂಡು ಮತ್ತೆ ನುಡಿದಾಗ ಮಾತ್ರ ಅನುಭವಕ್ಕೆ ಬರುವಂಥದ್ದು. ಒಬ್ಬನ ಮಾತು ಹಲವರ ಬಾಯಲ್ಲಿ ಮರುಕಳಿಸಿದಾಗ ಅದು ವ್ಯಕ್ತಿಯ ಬಯಕೆಯಾಗಿ ಉಳಿಯದೆ ಊರಿನ ಬಯಕೆಯಾಗುತ್ತದೆ. ಬಯಲಾಟದ ಈ ಕ್ರಮವನ್ನು ಕಾರಂತರು ಅಲಂಕಾರಕ್ಕಾಗಿ ಬಳಸದೆ ನಾಟಕದ ಅರ್ಥವಾಗಿಯೇ ಬಳಸಿದರು.

ಪ್ರೇಮಾ ಕಾರಂತ ಮತ್ತಿತರ ಸಂಗಡಿಗರೊಡನೆ ಅವರು 1974ರಲ್ಲಿ ಕಟ್ಟಿದ ‘ಬೆನಕ’ ತಂಡ ಈ ಪ್ರಯೋಗಶೀಲತೆಗೆ ನೆಲೆಯಾಯಿತು. ‘ಬೆಂಗಳೂರು ನಗರ ಕಲಾವಿದರು’ ಎಂಬ ಹೆಸರಿನ ಮೊದಲಕ್ಷರಗಳಿಂದ ಮೂಡಿದ ಈ ಪದಕ್ಕೆ ವಿನಾಯಕನೆಂಬ ಅರ್ಥವೂ ಇರುವುದು ಸೊಗಸಾದ ಹೊಂದಿಕೆ. ಗಣೇಶನ ಸ್ತುತಿಯಿಂದ ಆರಂಭವಾಗುವ ‘ಹಯವದನ’ ತಂಡದ ಮುಖ್ಯ ಪ್ರಯೋಗಗಳಲ್ಲಿ ಒಂದಾಯಿತು. ತಲೆ ಬದಲಾದ ದೇವದತ್ತ ಕಪಿಲರ ಕಥೆಯನ್ನು ಕಾರ್ನಾಡರು ಕಥಾಸರಿತ್ಸಾಗರ ಮತ್ತು ಥಾಮಸ್ ಮಾನ್‌ನ ಕಿರುಕಾದಂಬರಿಯ ಮೂಲಕ ಪಡೆದು ಅದಕ್ಕೆ ಭಾಗವತ, ಮೇಳ, ಮಾತಾಡುವ ಗೊಂಬೆಗಳನ್ನು ಜೋಡಿಸಿದ್ದರು. ಪೂರ್ಣತೆಗಾಗಿ ಹಂಬಲಿಸುವ ಅಪೂರ್ಣ ಜೀವಿಗಳ ಈ ಕಥೆಗೆ ವಿಘ್ನೇಶ್ವರನ ಸ್ತುತಿ ಕೇವಲ ಮಂಗಳಾಚರಣೆಯಲ್ಲ. ಆನೆಯ ತಲೆ, ಮನುಷ್ಯನ ದೇಹದ ದೇವರೇ ಅಪೂರ್ಣತೆಯ ಮೊದಲ ರೂಪಕ. ಪುಸ್ತಕದಲ್ಲಿ ಓದುಗನು ಬೇಗನೆ ದಾಟಿ ಹೋಗುವ ಈ ಭಾಗವು ಹಾಡಾಗಿ ವಿಸ್ತಾರಗೊಂಡಾಗ ನಾಟಕದ ಕೀಲಿಕೈಯಾಗುತ್ತದೆ.

ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ಇನ್ನೊಂದು ನಿದರ್ಶನ. ಜಡಭರತ ಎಂಬ ಹೆಸರಿನಿಂದ ಬರೆಯುತ್ತಿದ್ದ ಜೋಶಿಯವರು ಮಠವೊಂದರ ಆವರಣದಲ್ಲಿ ಧರ್ಮ ಮತ್ತು ಅಧಿಕಾರಗಳು ಒಂದನ್ನೊಂದು ನುಂಗುವ ಬಗೆಯನ್ನು ಅಲ್ಲಿ ಚಿತ್ರಿಸಿದ್ದಾರೆ. ಕಾರಂತರು ಈ ಪ್ರಯೋಗದೊಳಗೆ ಪುರಂದರದಾಸರ ಪದಗಳನ್ನು ಹೆಣೆದರು. ಭಕ್ತಿಗಾಗಿ ಮನೆಮನೆಯಲ್ಲಿ ಹಾಡುವ ಪದಗಳು ಮಠದ ಒಳಜಗಳದ ನಡುವೆ ಕೇಳಿಬಂದಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಪ್ರೇಕ್ಷಕನು ಪದದ ಪರಿಚಯದಿಂದ ನಾಟಕಕ್ಕೆ ಹತ್ತಿರವಾಗುತ್ತಾನೆ; ಅದೇ ಪದವು ರಂಗದ ಮೇಲಿನ ನಡತೆಯನ್ನು ಅಳೆಯುವ ಕೋಲೂ ಆಗುತ್ತದೆ. ಡಾಂಭಿಕತೆಯನ್ನು ಖಂಡಿಸುವುದಕ್ಕೆ ಹೊರಗಿನ ವಿಚಾರವನ್ನು ತರದೆ ಅದೇ ಸಂಪ್ರದಾಯದ ನುಡಿಯನ್ನೇ ಸಾಕ್ಷಿಗೆ ನಿಲ್ಲಿಸಿದ ಈ ಕ್ರಮ ಶ್ರೇಷ್ಠ ಮಟ್ಟದ ಸಾಹಿತ್ಯವಿಮರ್ಶೆ. ದಾಸಸಾಹಿತ್ಯದೊಳಗಿನ ಸಾಮಾಜಿಕ ವಿಡಂಬನೆಯನ್ನು ಕುರಿತು ಎಷ್ಟೋ ಪ್ರಬಂಧಗಳು ಹೇಳುವ ಸಂಗತಿಯನ್ನು ಆ ಪ್ರಯೋಗ ಕಿವಿಗೆ ಮನಗಾಣಿಸಿತು.

ಗೀತನಾಟಕದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಪು.ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ ಓದುವುದಕ್ಕೂ ಹಾಡುವುದಕ್ಕೂ ತಕ್ಕ ಕಾವ್ಯವೆಂದು ಗೌರವ ಪಡೆದಿತ್ತು. ಅದನ್ನು ಆಡಿ ತೋರಿಸಬಹುದಾದ ನಾಟಕವೆಂದು ಸ್ಥಾಪಿಸಿದ್ದು ಕಾರಂತರ ಪ್ರಯೋಗ.

5

ಈ ಪ್ರಯೋಗಗಳಿಂದ ಅವರ ರಂಗಸಂಗೀತದ ಕೆಲವು ತತ್ತ್ವಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ರಂಗದ ಮೇಲಿನ ನಾದ ಕೇಳಲು ಇಂಪಾಗಿರಬೇಕೆಂಬ ನಿಯಮವಿಲ್ಲ. ಸನ್ನಿವೇಶಕ್ಕೆ ಅದು ಸಲ್ಲಬೇಕು. ಇದನ್ನು ನಮ್ಮ ಮೀಮಾಂಸಕರ ಮಾತಿನಲ್ಲಿ ಔಚಿತ್ಯವೆನ್ನಬಹುದು. ಆದ್ದರಿಂದಲೇ ಅವರ ವಾದ್ಯಗಳಲ್ಲಿ ಹಾರ್ಮೋನಿಯಂ, ಮದ್ದಳೆಗಳ ಜೊತೆಗೆ ಕಲ್ಲು, ಬಿದಿರು, ತೆಂಗಿನ ಕರಟ, ಲೋಹದ ತುಂಡುಗಳಿಗೂ ಜಾಗವಿತ್ತು. ಎರಡನೆಯದಾಗಿ, ನಾದವನ್ನು ಹುಟ್ಟಿಸುವವನು ಪಕ್ಕದಲ್ಲಿ ಕುಳಿತ ವಾದ್ಯಗಾರ ಮಾತ್ರವಲ್ಲ. ನಟನ ಉಸಿರು, ಹೆಜ್ಜೆ, ಗುನುಗು, ಚೀರುಗಳೂ ರಂಗಸಂಗೀತವೇ. ಮೂರನೆಯದಾಗಿ, ಛಂದಸ್ಸಿಲ್ಲದ ಗದ್ಯಕ್ಕೂ ಒಂದು ನಡೆ ಇರುತ್ತದೆ. ಅದನ್ನು ಕಂಡುಹಿಡಿದರೆ ಸಾಧಾರಣ ವಾಕ್ಯವೂ ಹಾಡಿನ ಅಂಚಿಗೆ ಬರುತ್ತದೆ. ನಾಲ್ಕನೆಯದಾಗಿ, ಮೌನವೂ ಈ ಸಂಗೀತದ ಒಂದು ಸ್ವರ. ಎಲ್ಲಿ ಹಾಡು ನಿಲ್ಲಬೇಕೆಂಬುದನ್ನು ಬಲ್ಲವನೇ ಎಲ್ಲಿ ಹಾಡು ಬೇಕೆಂಬುದನ್ನೂ ಬಲ್ಲ.

ಈ ಪರಿಣತಿ ಚಲನಚಿತ್ರದಲ್ಲಿಯೂ ಫಲ ನೀಡಿತು. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಕಾರ್ನಾಡರೊಡನೆ ನಿರ್ದೇಶಿಸಿದ ‘ವಂಶವೃಕ್ಷ’ಕ್ಕೆ 1971ನೆಯ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿದ ‘ಚೋಮನ ದುಡಿ’ 1975ನೆಯ ಸಾಲಿನ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಗಳಿಸಿತು. ಚೋಮನ ಬದುಕಿನ ನೋವು ಮಾತಾಗುವುದಕ್ಕಿಂತ ಹೆಚ್ಚಾಗಿ ದುಡಿಯ ಬಡಿತವಾಗುತ್ತದೆ. ಶೀರ್ಷಿಕೆಯಲ್ಲಿಯೇ ವಾದ್ಯವಿರುವ ಈ ಕೃತಿಯು ನಾದವನ್ನೇ ನಂಬಿದ ನಿರ್ದೇಶಕನ ಕೈಗೆ ಬಂದದ್ದು ಅರ್ಥಪೂರ್ಣವಾಗಿದೆ. ‘ಋಷ್ಯಶೃಂಗ’ ಹಾಗೂ ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ಅವರು ಎರಡು ಬಾರಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು.

6

1977ರಲ್ಲಿ ಕಾರಂತರು ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾಗಿ ಮರಳಿ 1981ರವರೆಗೆ ಆ ಹೊಣೆಯನ್ನು ನಿರ್ವಹಿಸಿದರು. ದೆಹಲಿಗೆ ಸೀಮಿತವಾಗಿದ್ದ ಶಾಲೆಯ ತರಬೇತಿ ಶಿಬಿರಗಳನ್ನು ಅವರು ಮಧುರೆಯಂಥ ದೂರದ ಊರುಗಳಿಗೂ ಒಯ್ದರು. ನಾಟಕ ಕಲಿಯುವವರು ರಾಜಧಾನಿಗೆ ಬರುವುದರ ಜೊತೆಗೆ, ನಾಟಕ ಕಲಿಸುವವರು ಪ್ರಾಂತಗಳಿಗೆ ಹೋಗಿ ಅಲ್ಲಿಯ ರೂಪಗಳಿಂದ ತಾವೂ ಕಲಿಯಬೇಕೆಂಬ ನಂಬಿಕೆ ಇದರ ಹಿಂದಿತ್ತು.

1979ರ ‘ಬರ್ನಮ್ ವನ’ ಈ ಕಾಲದ ಮುಖ್ಯ ಕೃತಿ. ರಘುವೀರ ಸಹಾಯರ ಹಿಂದಿ ಅನುವಾದವನ್ನು ಬಳಸಿ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಅವರು ಯಕ್ಷಗಾನದ ಚಲನೆಯಲ್ಲಿ ಆಡಿಸಿದರು. ಹೆಸರಿನ ಬದಲಾವಣೆಯೇ ಒಂದು ವ್ಯಾಖ್ಯಾನ. ಮೂಲದಲ್ಲಿ ನಾಯಕನ ಹೆಸರಿದ್ದರೆ ಇಲ್ಲಿ ಕಾಡಿನ ಹೆಸರಿದೆ. ಮಹತ್ವಾಕಾಂಕ್ಷೆಯೆಂಬುದು ಮನುಷ್ಯನು ಹೊಕ್ಕು ಹೊರಬರಲಾರದೆ ದಾರಿ ತಪ್ಪುವ ಅಡವಿ ಎಂಬ ಭಾವ ಅದರಿಂದ ಮುನ್ನೆಲೆಗೆ ಬರುತ್ತದೆ. ಯುದ್ಧ, ಮಾಟ, ಅತಿಮಾನುಷ ಶಕ್ತಿಗಳಿಗೆ ಯಕ್ಷಗಾನದಲ್ಲಿ ಸಿದ್ಧವಾದ ಹೆಜ್ಜೆಗಳೂ ಬಡಿತಗಳೂ ಇವೆ. ಇಂಗ್ಲಿಷ್ ನಾಟಕವನ್ನು ಹಿಂದಿ ನುಡಿಯುವ ನಟರು ಕರಾವಳಿಯ ಹೆಜ್ಜೆಯಲ್ಲಿ ಆಡಿದ ಈ ಪ್ರಯೋಗದಲ್ಲಿ ಕನ್ನಡದ ಪದವೊಂದೂ ಮುಖ್ಯವಲ್ಲದಿದ್ದರೂ ಕನ್ನಡ ನೆಲದ ಲಯವಿತ್ತು. ಭಾಷೆಯೊಂದರ ಸಂಸ್ಕೃತಿ ಶಬ್ದಕೋಶದ ಆಚೆಗೂ ಪ್ರಯಾಣ ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ದೆಹಲಿ, ಮುಂಬಯಿ, ನಾಗಪುರಗಳಂಥ ಊರುಗಳಲ್ಲಿ ಬೇರೆ ಭಾಷೆಗಳ ನಡುವೆ ಬಾಳುವ ಹೊರನಾಡ ಕನ್ನಡಿಗರು ಕನ್ನಡತನವೆಂದರೇನೆಂದು ಕೇಳಿಕೊಳ್ಳುವಾಗ ಈ ನಿದರ್ಶನವನ್ನು ನೆನೆಯಬಹುದು.

1982ರಿಂದ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಅವರು ಕಟ್ಟಿದರು. ಬುಂದೇಲಿ, ಮಾಳವಿ, ಛತ್ತೀಸ್‌ಗಢಿಗಳಂಥ ಆಡುನುಡಿಗಳಿಗೆ ಶಿಷ್ಟ ರಂಗಭೂಮಿಯಲ್ಲಿ ಮರ್ಯಾದೆಯ ಸ್ಥಾನ ದೊರಕಿಸುವುದು ಅಲ್ಲಿ ಅವರ ಗುರಿಯಾಗಿತ್ತು. ಕಾಳಿದಾಸ, ಶೂದ್ರಕರ ನಾಟಕಗಳನ್ನೂ ಅವರು ಈ ದೃಷ್ಟಿಯಿಂದಲೇ ನೋಡಿದರು. ಸಂಸ್ಕೃತ ನಾಟಕದಲ್ಲಿ ಎಲ್ಲರೂ ಸಂಸ್ಕೃತ ಆಡುವುದಿಲ್ಲ. ಪಾತ್ರಕ್ಕೆ ತಕ್ಕಂತೆ ಬಗೆಬಗೆಯ ಪ್ರಾಕೃತಗಳನ್ನು ಆಡುತ್ತಾರೆ. ಹೀಗಿರುವಾಗ ಶಿಷ್ಟಭಾಷೆಯ ಏಕಸ್ವರದಲ್ಲಿ ಆ ನಾಟಕಗಳನ್ನು ಆಡುವುದಕ್ಕಿಂತ ನೆಲದ ನುಡಿಗಳಲ್ಲಿ ಆಡುವುದೇ ಮೂಲಕ್ಕೆ ಹೆಚ್ಚು ನಿಷ್ಠವಾದುದೆಂದು ವಾದಿಸಲು ಅವಕಾಶವಿದೆ. ಛತ್ತೀಸ್‌ಗಢದ ಕಲಾವಿದರೊಡನೆ ಹಬೀಬ್ ತನ್ವೀರ್, ಕೇರಳದಲ್ಲಿ ಕಾವಾಲಂ ನಾರಾಯಣ ಪಣಿಕ್ಕರ್, ಮಣಿಪುರದಲ್ಲಿ ರತನ್ ಥಿಯಾಮ್ ನಡೆಸಿದ ಶೋಧಗಳಿಗೂ ಕಾರಂತರ ಕೆಲಸಕ್ಕೂ ಇಲ್ಲಿ ಬಾಂಧವ್ಯವಿದೆ. ಆದರೆ ಆ ಮೂವರೂ ಮುಖ್ಯವಾಗಿ ಒಂದೊಂದು ನೆಲದಲ್ಲಿ ನೆಲೆಯೂರಿದರು. ಕಾರಂತರು ಹೋದ ನೆಲದ ದನಿಯನ್ನು ಹುಡುಕುತ್ತ ಸಂಚರಿಸಿದರು. ಭೋಪಾಲದ ಅಧ್ಯಾಯ 1986ರಲ್ಲಿ ವೈಯಕ್ತಿಕ ಸಂಕಟಗಳ ನಡುವೆ ಮುಗಿಯಿತು.

1989ರಲ್ಲಿ ಕರ್ನಾಟಕ ಸರ್ಕಾರವು ಮೈಸೂರಿನಲ್ಲಿ ಸ್ಥಾಪಿಸಿದ ‘ರಂಗಾಯಣ’ಕ್ಕೆ ಅವರು ಮೊದಲ ನಿರ್ದೇಶಕರಾದರು. ನಾಡಿನ ನಾನಾ ಭಾಗಗಳಿಂದ ಆರಿಸಿದ ಯುವಕ ಯುವತಿಯರನ್ನು ಪೂರ್ಣಾವಧಿ ನಟರನ್ನಾಗಿ ಬೆಳೆಸುವ ಈ ಪ್ರಯತ್ನ ಕನ್ನಡಕ್ಕೆ ಹೊಸದು. ಕಂಪನಿಗಳ ಅವನತಿಯ ನಂತರ ಕನ್ನಡದ ನಟನೆಂದರೆ ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವನು ಎಂಬಂತಾಗಿತ್ತು. ಸಂಬಳ ಪಡೆದು ದಿನವಿಡೀ ನಾಟಕವನ್ನೇ ಕಸುಬಾಗಿ ಮಾಡುವ ನಟವರ್ಗ ರಂಗಾಯಣದಿಂದ ಮತ್ತೆ ಮೂಡಿತು. ಗುಬ್ಬಿ ಕಂಪನಿಯಲ್ಲಿ ಬಾಲಕನಾಗಿ ಕಂಡಿದ್ದ ಜೀವನಕ್ರಮವನ್ನು ಕಾರಂತರು ಆಧುನಿಕ ಸಂಸ್ಥೆಯ ರೂಪದಲ್ಲಿ ಮರಳಿ ಕಟ್ಟಿದರೆಂದು ಹೇಳಬಹುದು. 1995ರವರೆಗೆ ಅವರು ಅಲ್ಲಿದ್ದರು.

ಈ ಎಲ್ಲ ಘಟ್ಟಗಳಲ್ಲಿಯೂ ಮಕ್ಕಳ ರಂಗಭೂಮಿ ಅವರೊಡನೆ ಸಾಗಿ ಬಂದಿತು. ಠಾಕೂರರ ಗಿಳಿಯ ಕಥೆಯಿಂದ ಮೂಡಿದ ‘ಪಂಜರ ಶಾಲೆ’, ‘ನೀಲಿ ಕುದುರೆ’, ‘ಹೆಡ್ಡಾಯಣ’, ‘ಅಳಿಲು ರಾಮಾಯಣ’ ಇವುಗಳಲ್ಲಿ ಕೆಲವು. ಪ್ರೇಮಾ ಕಾರಂತರು 1979ರಲ್ಲಿ ಆರಂಭಿಸಿದ ಬೆನಕ ಮಕ್ಕಳ ಕೇಂದ್ರದ ಪಾತ್ರವೂ ಇಲ್ಲಿ ದೊಡ್ಡದು. ಮಾತಿಗೂ ಹಾಡಿಗೂ ನಡುವೆ ಗೋಡೆ ಕಟ್ಟಿಕೊಳ್ಳದಿರುವುದು ಮಕ್ಕಳ ಸ್ವಭಾವ. ಕಾರಂತರ ರಂಗತತ್ತ್ವ ಮಕ್ಕಳೊಡನೆ ಅಷ್ಟು ಸಹಜವಾಗಿ ಹೊಂದಿಕೊಂಡದ್ದಕ್ಕೆ ಕಾರಣವೂ ಅದೇ.

7

ಕಾರಂತರ ಪದ್ಧತಿಯ ಬಗ್ಗೆ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಸಂಗೀತದ ಸೆಳೆತದಲ್ಲಿ ನಾಟಕದ ವೈಚಾರಿಕ ಮಾತು ಹಿಂದೆ ಸರಿಯುತ್ತದೆ ಎಂಬುದು ಮೊದಲನೆಯದು. ಹಾಡಿನ ಸುಖದಲ್ಲಿ ಮುಳುಗಿದ ಪ್ರೇಕ್ಷಕ ನಾಟಕದ ಪ್ರಶ್ನೆಯನ್ನು ಮರೆತು ಮನೆಗೆ ಹೋಗಬಲ್ಲ. ಕಂಪನಿ ನಾಟಕದ ಹಳೆಯ ಅಪಾಯ ಇಲ್ಲಿ ಪೂರ್ತಿಯಾಗಿ ನೀಗಿದೆಯೆಂದು ಹೇಳಲಾಗದು. ಜಾನಪದ ರೂಪಗಳನ್ನು ಅವುಗಳ ಜಾತಿ, ಆಚರಣೆ, ದುಡಿಮೆಗಳ ಸಂದರ್ಭದಿಂದ ಬಿಡಿಸಿ ನಗರದ ಪ್ರೇಕ್ಷಕನ ಮುಂದೆ ಚೆಲುವಾಗಿ ಜೋಡಿಸಿದರೆ ಅವು ಒಳತಿರುಳನ್ನು ಕಳೆದುಕೊಳ್ಳುತ್ತವೆ ಎಂಬುದು ಎರಡನೆಯದು. ಇದು ಕಾರಂತರಿಗಿಂತ ಹೆಚ್ಚಾಗಿ ಅವರ ಅನುಕರಣಕಾರರಿಗೆ ಅನ್ವಯಿಸುವ ಮಾತು. ಯಾವ ನಾಟಕವಾದರೂ ಆಗಲಿ ಒಂದು ಮೇಳ, ನಾಲ್ಕು ಹಾಡು, ಒಂದಿಷ್ಟು ಕುಣಿತ ಎಂಬ ಸಿದ್ಧಸೂತ್ರ ಅವರ ನಂತರ ಕನ್ನಡ ಹವ್ಯಾಸಿ ರಂಗಭೂಮಿಯಲ್ಲಿ ವ್ಯಾಪಕವಾಯಿತು. ಪ್ರತಿ ನಾಟಕಕ್ಕೂ ಅದರದೇ ದನಿಯನ್ನು ಹುಡುಕಬೇಕೆಂಬುದು ಕಾರಂತರ ಪಾಠ. ಅನುಯಾಯಿಗಳಲ್ಲಿ ಹಲವರು ಹುಡುಕಾಟವನ್ನು ಬಿಟ್ಟು ಸಿಕ್ಕಿದ ದನಿಯನ್ನಷ್ಟೇ ಉಳಿಸಿಕೊಂಡರು.

ಒಂದೆಡೆ ಬಹುಕಾಲ ನಿಲ್ಲದ ಅವರ ಸ್ವಭಾವವೂ ಚರ್ಚೆಗೆ ಒಳಗಾಗಿದೆ. ಆದರೆ ಅವರು ಬಿಟ್ಟುಬಂದ ಸಂಸ್ಥೆಗಳಲ್ಲಿ ತರಬೇತಿ ಪಡೆದ ನಟರೂ ನಿರ್ದೇಶಕರೂ ರಂಗವನ್ನು ಬಿಡಲಿಲ್ಲ. ನೂರಕ್ಕೂ ಹೆಚ್ಚು ನಾಟಕಗಳನ್ನು ನಿರ್ದೇಶಿಸಿದ ಅವರಿಗೆ 1976ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1981ರಲ್ಲಿ ಪದ್ಮಶ್ರೀ, ಆನಂತರ ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನ ಸಂದವು. 2002ರ ಸೆಪ್ಟೆಂಬರ್ 1ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

8

ಕವಿ ಅಳಿದರೂ ಕಾವ್ಯ ಗ್ರಂಥವಾಗಿ ಉಳಿಯುತ್ತದೆ. ನಿರ್ದೇಶಕನ ಕೃತಿಗೆ ಆ ಭಾಗ್ಯವಿಲ್ಲ. ಕೊನೆಯ ಪ್ರದರ್ಶನದ ದೀಪ ಆರಿದೊಡನೆ ಅದು ಕಂಡವರ ನೆನಪಿಗೆ ಸಲ್ಲುತ್ತದೆ. ಕಾರಂತರ ನಂತರವೂ ಬೆನಕ ತಂಡವು ‘ಹಯವದನ’, ‘ಸತ್ತವರ ನೆರಳು’, ‘ಜೋಕುಮಾರಸ್ವಾಮಿ’, ‘ಗೋಕುಲ ನಿರ್ಗಮನ’ಗಳನ್ನು ಆಡುತ್ತ ಬಂದುದರಿಂದ ಅವರ ಮಟ್ಟುಗಳು ಮುಂದಿನ ತಲೆಮಾರಿನ ಕಂಠಕ್ಕೂ ಇಳಿದವು. ಅವರ ಆತ್ಮಕಥನವೂ ಇದೇ ದಾರಿಯಲ್ಲಿ ಬಂದುದು. ತಮ್ಮ ಬದುಕನ್ನು ಅವರು ಕುಳಿತು ಬರೆಯಲಿಲ್ಲ, ಹೇಳಿದರು. ಲೇಖಕಿ ವೈದೇಹಿಯವರು ಕೇಳಿ ಬರೆದುಕೊಂಡ ಆ ಕಥನ ಅವರ ನಿಧನಾನಂತರ 2003ರಲ್ಲಿ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಂಬ ಹೆಸರಿನಿಂದ ಪ್ರಕಟವಾಯಿತು. ಕಿವಿಯನ್ನು ನಂಬಿ ಬದುಕಿದ ಕಲಾವಿದನ ಜೀವನಚರಿತ್ರೆ ಸಾಹಿತ್ಯಕ್ಕೆ ದೊರೆತದ್ದು ಇನ್ನೊಬ್ಬರು ಕಿವಿಗೊಟ್ಟದ್ದರಿಂದಲೇ.

ಕನ್ನಡ ಅಧ್ಯಯನ ವಿಭಾಗಗಳ ಹೊಣೆಯನ್ನು ಈ ಸಂಗತಿ ಸೂಚಿಸುತ್ತದೆ. ಜನಪದ ಗೀತೆಗಳನ್ನು ಸಂಗ್ರಹಿಸಲು ಹಳ್ಳಿಗಳಿಗೆ ಹೋದ ವಿದ್ವಾಂಸರ ದೊಡ್ಡ ಪರಂಪರೆ ನಮ್ಮಲ್ಲಿದೆ. ಹಾಡುವವರು ಇಲ್ಲವಾದರೆ ಹಾಡೂ ಇಲ್ಲವಾಗುತ್ತದೆ ಎಂಬ ಅರಿವಿನಿಂದ ಅವರು ದುಡಿದರು. ಆಧುನಿಕ ರಂಗಭೂಮಿಯ ನಾದಭಾಗಕ್ಕೂ ಅದೇ ಕಾಳಜಿ ಸಲ್ಲಬೇಕು. ನಟರ, ಹಿಮ್ಮೇಳದವರ ನೆನಪಿನಲ್ಲಿರುವ ಮಟ್ಟುಗಳು, ತಾಲೀಮಿನ ಟಿಪ್ಪಣಿಗಳು, ಧ್ವನಿಮುದ್ರಿಕೆಗಳು ಇವೆಲ್ಲವೂ ನಾಟಕಸಾಹಿತ್ಯದ ಪಠ್ಯಸಾಮಗ್ರಿಯೇ ಎಂದು ಒಪ್ಪಿಕೊಂಡು ಅವುಗಳ ಸಂಗ್ರಹ, ಸಂಪಾದನೆಗಳಿಗೆ ತೊಡಗಬೇಕು. ಗ್ರಂಥಸಂಪಾದಕನು ಓಲೆಗರಿಯ ಪಾಠಾಂತರಗಳನ್ನು ಹೋಲಿಸುವಂತೆ ಒಂದೇ ನಾಟಕದ ಬೇರೆ ಬೇರೆ ಪ್ರಯೋಗಗಳನ್ನು ಹೋಲಿಸುವ ಶಿಸ್ತೂ ಬೆಳೆಯಬೇಕು.

ಇದಕ್ಕೆ ಬೇಕಾದ ಮೊದಲ ಹೆಜ್ಜೆ ದೊಡ್ಡ ಯೋಜನೆಯೇನೂ ಅಲ್ಲ. ತರಗತಿಯಲ್ಲಿ ನಾಟಕವನ್ನು ಕೈಗೆತ್ತಿಕೊಂಡಾಗ ಅದರ ಸಾರಾಂಶ ಹೇಳುವುದಕ್ಕೆ ಮೊದಲು ಒಂದು ದೃಶ್ಯವನ್ನಾದರೂ ವಿದ್ಯಾರ್ಥಿಗಳು ದನಿಯೆತ್ತಿ ಓದಬೇಕು. ಎಲ್ಲಿ ದನಿ ಏರಿತು, ಎಲ್ಲಿ ತಡೆಯಿತು, ಏಕೆ ತಡೆಯಿತು ಎಂದು ಕೇಳಿಕೊಳ್ಳಬೇಕು. ಕಾರಂತರ ಕೆಲಸ ಶುರುವಾಗುತ್ತಿದ್ದುದೂ ಅಲ್ಲಿಂದಲೇ.